ಬಾಲಚುಕ್ಕಿಯ ಪಾಸ್‌ಪೋರ್ಟ್ ಫೋಟೊ

ನಮ್ಮೂರ ಮೇಲೆ ಬೀಳಲು ಬಂದ ಧೂಮಕೇತುವನ್ನು ಒಂದೇ ಮಾತಿಗೆ ಹಿಂದಕ್ಕೆ ಕಳಿಸಿದವಳು ನಾನೇ! ಇದರಲ್ಲಿ ಅರ್ಧ ಸುಳ್ಳು. ಅದು ಬೀಳಲು ಬಂದಿರಲಿಲ್ಲ, ಫೋಟೊಕ್ಕೆ ನಿಲ್ಲಲು ಬಂದಿತ್ತು. ಉಳಿದದ್ದೆಲ್ಲ ನಾನು ಹೇಳುವಂತೆಯೇ ನಡೆದದ್ದು, ಸ್ವಲ್ಪ ಹೆಚ್ಚುಕಮ್ಮಿ.

ಅದನ್ನು ಕರೆತಂದವನು ನನ್ನ ತಂಗಿಯ ಮಗ ಗವಿಸಿದ್ಧ. ಗಂಗಾವತಿ ಕಡೆಯ ನಮ್ಮೂರಲ್ಲಿ ಎತ್ತ ನೋಡಿದರೂ ಬಂಡೆ, ಬಂಡೆಯ ಹೆಗಲ ಮೇಲೆ ಮತ್ತೊಂದು ಬಂಡೆ. ಅವುಗಳ ಸಂದಿಯಲ್ಲಿ ನನ್ನ ಮನೆ, ಪಕ್ಕದಲ್ಲೇ ಅವನ ಫೋಟೊ ಸ್ಟುಡಿಯೊ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅಲ್ಲಿಗೆ ನೊಣ ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಆ ನೊಣವೂ ಫೋಟೊ ಬೇಡವೆಂದು ಹೋಗಿಬಿಡುತ್ತಿತ್ತು! ಕೊನೆಗೆ ಅವನ ಹೆಂಡತಿ ಹಂಪಮ್ಮ ಗಡುವು ಕೊಟ್ಟಳು.

"ಅಮಾಸಿ ತನಕ ನೋಡ್ತೀನ್ರಿ. ಅಷ್ಟ್ರಾಗ ಒಬ್ಬ ಗಿರಾಕಿ ತಾನಾಗೇ ಬಂದು ನಿಂತ್ರ ಸರಿ. ಇಲ್ಲಂದ್ರ ಕ್ಯಾಮರಾ ಅಟ್ಟಕ್ಕ, ಸ್ಟುಡಿಯೊದಾಗ ಹಿಟ್ಟಿನ ಗಿರಣಿ!"

ಅಪ್ಪ ಬಿಟ್ಟುಹೋದ ಸ್ಟುಡಿಯೊ. ಅದನ್ನು ಮುಚ್ಚುವುದೆಂದರೆ ಗವಿಸಿದ್ಧನಿಗೆ ಅಪ್ಪನನ್ನು ಇನ್ನೊಮ್ಮೆ ಕಳಕೊಂಡಂತೆ. ಬಾಗಿಲು ಹಾಕಿಕೊಂಡು ಕೂತವನು ಹದಿನೆಂಟನೆಯ ದಿನ ಒಂದು ಯಂತ್ರವನ್ನು ಹೊತ್ತುಕೊಂಡು ನನ್ನ ಅಂಗಳಕ್ಕೆ ಬಂದ. ಮದುವೆಗಳಿಗೆ ಒಯ್ಯುತ್ತಿದ್ದ ಹಳೆಯ ಕ್ಯಾಮರಾ, ಅದರ ತಲೆಗೆ ಕುಕ್ಕರಿನ ಮುಚ್ಚಳ, ಎದೆಗೊಂದು ನೀಲಿ ಗಾಜು.

"ದೊಡ್ಡವ್ವ, ಬ್ಯಾರೆಯವ್ರು ಮಂದಿ ನಿಂತ ಕಡೆ ಕ್ಯಾಮರಾ ತಿರುಗಿಸ್ತಾರ. ಇದು ಹಂಗಲ್ಲ. ತಾನು ನಿಂತಲ್ಲೇ ನಿಂತು ಮಂದಿನ್ನ ತಿರುಗಿಸ್ತೈತಿ! ನನ್ನ ಕಸುಬೆಲ್ಲ ಇದರ ತಲಿಗೆ ತುಂಬೀನಿ!"

ಗೋಡೆಯ ಮೇಲಿದ್ದ ನನ್ನ ಕೋಳಿಗೆ ನೀಲಿ ಬೆಳಕು ಬಿತ್ತು. ಯಂತ್ರ ಥೇಟ್ ಗವಿಸಿದ್ಧನ ದನಿಯಲ್ಲೇ, "ಮುಖ ನೆಟ್ಟಗ. ಎರಡೂ ಕಿವಿ ಕಾಣ್ಬೇಕು" ಎಂದಿತು. ದಾರ ಕಟ್ಟಿ ಎಳೆದಂತೆ ಕೋಳಿ ತಿರುಗಿತು, ಕತ್ತು ಮೇಲಾಯಿತು. ಕಿವಿ ಎಲ್ಲಿಂದ ತರಬೇಕು ಅದು? ಅರ್ಧ ತಾಸು ಅಲ್ಲಾಡದೆ ನಿಂತು, ಹೆದರಿಕೆಗೆ ಒಂದು ಮೊಟ್ಟೆಯನ್ನೂ ಇಟ್ಟಿತು. ಕರೆಂಟು ಹೋಯಿತು, ಕೋಳಿ ಬದುಕಿತು.

"ಕಿವಿ ಇಲ್ಲದ್ದು ಕೋಳಿ ತಪ್ಪು" ಎಂದ ನಮ್ಮ ವಿಜ್ಞಾನಿ. ಮರುದಿನವೇ ಯಂತ್ರಕ್ಕೆ ಟ್ರ್ಯಾಕ್ಟರಿನ ಬ್ಯಾಟರಿ ಕಟ್ಟಿದ.

ಆ ವಾರ ಪಡುವಣದಲ್ಲಿ ಹೊತ್ತು ಮುಳುಗುತ್ತಲೇ ಬಾಲಚುಕ್ಕಿ ಕಾಣುತ್ತಿತ್ತು. ಊರವರ ಮೊಬೈಲಿನಲ್ಲಿ ಅದು ಒರೆಸಿದ ಸುಣ್ಣದ ಹಾಗೆ ಬರುತ್ತಿತ್ತು.

"ಇದರ ಚಂದದೊಂದು ಫೋಟೊ ಬಾಗಿಲಿಗೆ ಹಾಕಿದ್ನೆಂದ್ರ ಗಿರಾಕಿ ಬಂದೇ ಬರ್ತಾರ!" ಎಂದ ಗವಿಸಿದ್ಧ.

ಅಮಾವಾಸ್ಯೆಗೆ ಎರಡು ದಿನ ಇರುವಾಗ, ಮುಸ್ಸಂಜೆಗೆ ನಾವು ಮೂವರೂ ಮನೆಯ ಹಿಂದಿನ ಹಾಸುಬಂಡೆ ಹತ್ತಿದೆವು. ತಂಗಾಳಿ ಬೀಸುತ್ತಿತ್ತು. ನಾನು ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಂಡೆ. ಗವಿಸಿದ್ಧ ಗುಂಡಿ ಒತ್ತಿದ.

ಯಂತ್ರದ ಕಣ್ಣಿಗೆ ಮೊದಲು ಬಿದ್ದದ್ದು ಗುಡ್ಡ. "ಗಿಡ್ಡನವ್ರು ಮುಂದ ಕುಂದರ್ರಿ. ಎತ್ತರದವ್ರು ಹಿಂದ ನಿಂದರ್ರಿ."

ಗುಡ್ಡವೇ ಗಡಗಡ ಎಂದಿತು! ನನ್ನ ಅಜ್ಜಿಯ ಅಜ್ಜಿಯ ಕಾಲದಿಂದ ಮಿಸುಕದ ಬಂಡೆಗಳು ಮದುವೆಯ ಬೀಗರಂತೆ ಒಂದನ್ನೊಂದು ತಳ್ಳುತ್ತ ಸಾಲು ಹಿಡಿದವು. ಮನೆಯಷ್ಟು ದೊಡ್ಡ ಬಂಡೆಯೊಂದು ಸಂಕೋಚದಿಂದ ಬಗ್ಗಿ ಹಿಂದಿನ ಸಾಲಿಗೆ ಹೋಯಿತು.

"ರೀ, ನಮ್ಮ ಹೊಲದ ದಾರಿ ಎಲ್ಲೈತ್ರಿ?" ಎಂದು ಚೀರಿದಳು ಹಂಪಮ್ಮ.

"ಎರಡನೇ ಸಾಲಿನ ಕೆಳಗೈತಿ. ಮದುವಿ ಗ್ರೂಪ್ ಫೋಟೊದ ಬುದ್ಧಿ ತಗಿಯಾಕ ಮರ್ತೆ!"

ಆಗ ಯಂತ್ರ ಮುಖ ಮೇಲೆತ್ತಿತು. "ನಡುವಿನವ್ರು ಪಕ್ಕಕ್ಕ ನೋಡಬ್ಯಾಡ್ರಿ. ಮುಖ ನೆಟ್ಟಗ."

ಪೊರಕೆಯಂತೆ ಅಡ್ಡ ಹರಡಿದ್ದ ಬಾಲ ಮೆಲ್ಲಗೆ ಚುಕ್ಕಿಯ ಬೆನ್ನ ಹಿಂದೆ ಅಡಗಿತು. ಉಳಿದದ್ದು ಬರೀ ದುಂಡನೆಯ ಬೆಳಕು. ಕಡಲೆಕಾಳಿನಷ್ಟಿದ್ದದ್ದು ನಿಂಬೆಹಣ್ಣಾಯಿತು, ನಿಂಬೆಹಣ್ಣು ಊಟದ ತಾಟಾಯಿತು.

"ನೋಡ ದೊಡ್ಡವ್ವ, ಎಷ್ಟ್ ನೆಟ್ಟಗ ನೋಡಾಕತ್ತೈತಿ!"

"ನೋಡಾಕತ್ತಿಲ್ಲೋ ಹುಚ್ಚಪ್ಪ, ಬರಾಕತ್ತೈತಿ!"

"ಕಣ್ಣು ತೆರೀರಿ" ಎಂದಿತು ಯಂತ್ರ ಬಲು ಮರ್ಯಾದೆಯಿಂದ. "ಕಣ್ಣು ತೆರೀರಿ. ಸ್ವಲ್ಪ ಮುಂದ ಬರ್ರಿ. ಕಣ್ಣು ತೆರೀರಿ."

"ವೈರ್ ಕಿತ್ತು ಒಗೀರಿ!" ಎಂದಳು ಹಂಪಮ್ಮ.

"ಅರ್ಧಕ್ಕ ಕೈಬಿಟ್ರ ನೆಟ್ಟಗ ನಮ್ಮ ನೆತ್ತಿ ಮ್ಯಾಲೇ ಬೀಳ್ತೈತಿ! ಫೋಟೊ ಮುಗಿದ್ರಷ್ಟ ಬಿಡ್ತೈತಿ. ಅದಕ್ಕ ಕಣ್ಣು ಬೇಕು!" ಎಂದು ಗವಿಸಿದ್ಧ ತಲೆ ಹಿಡಿದುಕೊಂಡು ಕೂತ.

ನಾನು ನಿಧಾನವಾಗಿ ಎಲೆಅಡಿಕೆ ಉಗುಳಿ ಎದ್ದೆ. "ಕಣ್ಣು ತಾನ? ನನ್ನವು ಎರಡದಾವ" ಎಂದು ಯಂತ್ರದ ಮುಂದೆ ಹೋಗಿ ನಿಂತು, ಕಣ್ಣು ಅಗಲಿಸಿದೆ. ಬೆನ್ನಿಗೆ ಐಸಿನಂಥ ಗಾಳಿ ಹೊಡೆಯಿತು.

ಟಿಕ್!

"ಆತು. ಮುಂದಿನವ್ರು ಬರ್ರಿ."

ಧೂಮಕೇತು ಹೊರಳಿ, ಬಾಲ ಬಿಚ್ಚಿಕೊಂಡು, ಬಂದ ದಾರಿಯಲ್ಲೇ ಹೋಯಿತು. ಬಂಡೆಗಳು ಮಾತ್ರ ಇವತ್ತಿಗೂ ಸಾಲಿನಲ್ಲೇ ಕೂತಿವೆ.

ಫೋಟೊ ಬಂತು. ಮುಂದೆ ನನ್ನ ಮುಖ, ಹಿಂದೆ ನಾಲ್ಕು ಸಾಲು ಬಂಡೆಗಳು. ಹೊರಡುವ ಆತುರಕ್ಕೆ ಬಾಲ ಇಳಿಬಿಟ್ಟಿದ್ದ ಧೂಮಕೇತು ಸರಿಯಾಗಿ ನನ್ನ ತುರುಬಿನಲ್ಲಿ, ಮಲ್ಲಿಗೆ ದಂಡೆಯ ಹಾಗೆ! ಯಜಮಾನರು ತೀರಿಕೊಂಡ ಮೇಲೆ ನಾನು ಮುಡಿದದ್ದು ಅದೊಂದೇ.

"ಒಪ್ತೈತಿ ನಿಮಗ, ಅತ್ತಿ" ಎಂದಳು ಹಂಪಮ್ಮ. ಗಂಡನ ಕಡೆ ತಿರುಗಿದಾಗ ದನಿ ಬೇರೆಯಾಯಿತು. "ಅತ್ತಿ ಗಿರಾಕಿ ಅಲ್ಲ, ಮನಿಮಂದಿ. ಚುಕ್ಕಿನ್ನ ನೀವು ಎಳ್ಕೊಂಡು ಬಂದ್ರಿ. ತಾನಾಗೇ ಬಂದವ್ರು ಯಾರು?"

ಗವಿಸಿದ್ಧ ಯಂತ್ರದ ವೈರುಗಳನ್ನೆಲ್ಲ ಕಿತ್ತು, ಅದನ್ನು ಅಟ್ಟಕ್ಕೆ ಹಾಕಿದ.

ಅಮಾವಾಸ್ಯೆಯ ಸಂಜೆ ಗಿರಣಿ ಬಂತು. ಅದನ್ನು ಸ್ಟುಡಿಯೊದ ಹೊಸ್ತಿಲಿನ ತನಕ ತಂದು ಹಂಪಮ್ಮ ಸುಧಾರಿಸಿಕೊಳ್ಳುತ್ತಿದ್ದಳು. ನಾನು ಸುಮ್ಮನೆ ಪಡುವಣ ನೋಡಿದೆ. ಬಾಲಚುಕ್ಕಿ ಒಂದೇ ಇರಲಿಲ್ಲ. ಅದರ ಹಿಂದೊಂದು, ಅದರ ಹಿಂದೆ ಇನ್ನೊಂದು! ನನಗೆ ಬರುವ ಲೆಕ್ಕ ಇಪ್ಪತ್ತರ ತನಕ, ಅದು ಮುಗಿದರೂ ಚುಕ್ಕಿ ಮುಗಿಯಲಿಲ್ಲ. ಗಿಡ್ಡನವು ಮುಂದೆ, ಎತ್ತರದವು ಹಿಂದೆ. ಬಾಲ ಮುದುಡಿ, ಮುಖ ನೆಟ್ಟಗೆ ಮಾಡಿಕೊಂಡು, ಸ್ಟುಡಿಯೊದ ಬಾಗಿಲನ್ನೇ ನೋಡುತ್ತ ತಣ್ಣಗೆ ನಿಂತಿದ್ದವು.

ಹಂಪಮ್ಮ ಅವನ್ನು ನೋಡಿದಳು. ಅಟ್ಟ ನೋಡಿದಳು. ಗಿರಣಿ ನೋಡಿದಳು. ಕೊನೆಗೆ ಸೆರಗು ಸಿಕ್ಕಿಸಿ ಗಂಡನನ್ನು ಕೂಗಿ ಒಂದು ಮಾತು ಹೇಳಿದಳು.

ಏನು ಹೇಳಿರಬಹುದು? ನಾನೇ ಹೇಳಿದರೆ ನೀವು ನಂಬುವುದಿಲ್ಲ, ನೀವೇ ಹೇಳಿ ನೋಡೋಣ.