ಕೆಂಪು ಟೇಪಿನ ನಲವತ್ತು ಗಿಡಗಳು

ಸಂಶೋಧನೆ ಎಂದರೆ ಬಿಳಿ ಕೋಟು, ಸದ್ದಿಲ್ಲದ ಕೋಣೆ ಎಂದುಕೊಂಡವರು ಒಮ್ಮೆ ನನ್ನ ಜೊತೆ ಹೆಗ್ಗದ್ದೆಯ ಕಾಫಿ ಎಸ್ಟೇಟಿಗೆ ಬರಬೇಕು. ಕಾಫಿ ಕಾಂಡ ಕೊರೆಯುವ ಹುಳುವಿನ ಮೇಲೆ ಪಿಎಚ್‌ಡಿ ಮಾಡಲು ಹೊರಟ ದಿನದಿಂದ ಏನಾದರೊಂದು ಆಗುತ್ತಲೇ ಬಂದಿದೆ. ಒಂದು ಲೇಖನವಾದರೂ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗದಿದ್ದರೆ ಥೀಸಿಸ್ ಮುಟ್ಟುವುದಿಲ್ಲ ಎಂದು ಗೈಡ್ ಹೇಳಿಬಿಟ್ಟಿದ್ದರು. ಆದ್ದರಿಂದ ಆಗ ನಗು ಬರಲಿಲ್ಲ, ಈಗ ನಗುತ್ತಿದ್ದೇನೆ.

೧. ಮುಖ ತೋರಿಸದ ಬೀಗರು

ಪ್ರಯೋಗಕ್ಕೆ ಎಂಬತ್ತು ಗಿಡ ಬೇಕಿತ್ತು. ಎಸ್ಟೇಟಿನ ಯಜಮಾನರು ಕೆ. ಹೊಸಕೋಟೆಯಲ್ಲಿದ್ದು ವಾರಕ್ಕೊಮ್ಮೆ ಬಂದು, ಸ್ಟೋರಿನ ಹತ್ತಿರವೇ ಎಲ್ಲ ವಿಚಾರಿಸಿಕೊಂಡು ಹೋಗುವವರು. ಒಪ್ಪಿದರು, ಆದರೆ ಕೊನೆಗೆ ಇದು ಏನಾಗುತ್ತದೆ ಎಂದು ಕೇಳಿದರು. ಬರೆದು ಪತ್ರಿಕೆಗೆ ಕಳಿಸುತ್ತೇನೆ, ವಿಷಯ ತಿಳಿದ ಇಬ್ಬರು ಓದಿ ತಪ್ಪು ಹುಡುಕುತ್ತಾರೆ, ಅವರು ಒಪ್ಪಿದರೆ ಅಚ್ಚಾಗುತ್ತದೆ ಎಂದೆ.

"ಹೆಣ್ ನೋಡಕ್ಕೆ ಬಂದಂಗೆ ಅನ್ನಿ. ಉಪ್ಪಿಟ್ಟು ತಿಂದು, ಊರಿಗೋಗಿ ತಿಳಿಸ್ತೀವಿ ಅಂತಾರಲ್ಲ, ಅವ್ರು."

ಇವರು ಯಾರೆಂಬುದೇ ನಮಗೆ ಗೊತ್ತಾಗುವುದಿಲ್ಲ ಎಂದೆ. ಯಜಮಾನರ ಮುಖ ಗಂಭೀರವಾಯಿತು. ಉಪ್ಪಿಟ್ಟೂ ಬೇಡದ ಬೀಗರನ್ನು ನಂಬಬೇಡಿ ಎಂದು ಬುದ್ಧಿ ಹೇಳಿ ಕಳಿಸಿದರು.

೨. ಅಚ್ಚುಕಟ್ಟಾದ ಕೆಲಸ

ನಲವತ್ತು ಗಿಡದ ಕಾಂಡಕ್ಕೆ ಸುಣ್ಣ, ನಲವತ್ತಕ್ಕೆ ಏನೂ ಇಲ್ಲ. ಸುಣ್ಣ ಬಳಿದರೆ ಹುಳು ಕಡಿಮೆಯಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಬಳಿಯಬಾರದ ಗಿಡಗಳು ಗೊತ್ತಾಗಲೆಂದು ಅವಕ್ಕೆ ಕೆಂಪು ಟೇಪು ಕಟ್ಟಿ, ಹಾಸನಕ್ಕೆ ಬಂದು ಕಾಲೇಜಿನ ಪರೀಕ್ಷೆ ಕೆಲಸದಲ್ಲಿ ಮುಳುಗಿದೆ.

ತಿಂಗಳ ಮೇಲೆ ಹೋಗಿ ನೋಡಿದರೆ ಅಲ್ಲಿ ನಲವತ್ತು ಗುಂಡಿಗಳಿದ್ದವು. ಆ ಎಸ್ಟೇಟಿನಲ್ಲಿ ಹುಳ ಬಿದ್ದ ಗಿಡಕ್ಕೆ ಕೆಂಪು ಕಟ್ಟುವುದು ಪದ್ಧತಿ. ಕೆಂಪು ಕಂಡರೆ ಆಳುಗಳು ಕಿತ್ತು, ಕಾಂಡ ಸೀಳಿ ನೋಡಿ, ಸುಟ್ಟುಬಿಡುತ್ತಾರೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವ ಎಸ್ಟೇಟಿನ ರೈಟರು ಮಾತ್ರ ಸಂತೋಷವಾಗಿದ್ದರು. ಪ್ರತಿ ಕಾಂಡದಲ್ಲೂ ಎಷ್ಟು ಹುಳ ಎಂದು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದರು. ನಿಜ ಹೇಳಬೇಕೆಂದರೆ, ನನ್ನ ಲೆಕ್ಕಕ್ಕಿಂತ ಅದೇ ಚೆನ್ನಾಗಿತ್ತು.

"ಮುಕ್ಕಾಲು ಗಿಡದಲ್ಲಿ ಹುಳನೇ ಇರ್ಲಿಲ್ಲ ಮೇಡಂ," ಎಂದರು. "ಹುಳ ಬಿದ್ದ ಗಿಡ ನಿಮ್ಗೆ ಇನ್ನೂ ಗುರ್ತು ಸಿಕ್ಕಲ್ಲ."

ಟೇಪು ಕಟ್ಟಿದ್ದು ಯಾಕೆಂದು ಗೊತ್ತಾದ ಮೇಲೆ ಅವರ ಸಂತೋಷವೂ ಇಳಿಯಿತು. ಯಜಮಾನರಿಗೆ ತಿಳಿಯುವ ಮುಂಚೆ ಗುಂಡಿಗಳಲ್ಲಿ ಸಸಿ ನೆಟ್ಟರು. ನಾನು ಲೇಖನದಲ್ಲಿ ರೈಟರ ಲೆಕ್ಕವನ್ನೇ ಬಳಸಿ, "ನಲವತ್ತು ಗಿಡಗಳನ್ನು ಸೀಳಿ ಪರೀಕ್ಷಿಸಲಾಯಿತು" ಎಂದು ಬರೆದೆ. ಯಾರು, ಯಾಕೆ ಎಂಬುದನ್ನು ಬರೆಯಲಿಲ್ಲ.

೩. ದೋಣಿಗಲ್ ಶಿಫಾರಸು

ಎಸ್ಟೇಟಿನಲ್ಲಿ ಸಿಗ್ನಲ್ ಇಲ್ಲ. ಲೇಖನ ಕಳಿಸಲು ದೋಣಿಗಲ್‌ವರೆಗೆ ಬಂದು, ಹೆದ್ದಾರಿ ಪಕ್ಕದ ಟೀ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಪತ್ರಿಕೆಯ ವೆಬ್‌ಸೈಟಿನ ಫಾರಂ ಎಲ್ಲ ತುಂಬಿದ ಮೇಲೆ ಅದರಲ್ಲಿ ಇನ್ನೊಂದು ಕೇಳಿತ್ತು: ಇದನ್ನು ಪರಿಶೀಲಿಸಬಲ್ಲ ಮೂವರ ಹೆಸರು ಸೂಚಿಸಿ. ಇಬ್ಬರು ಸಿಕ್ಕರು, ಮೂರನೆಯವರು ಹೊಳೆಯಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಕೂತವಳನ್ನು ಕಂಡು ಹೋಟೆಲಿನವರು ಏನೆಂದು ವಿಚಾರಿಸಿದರು. ತಪ್ಪು ಹುಡುಕುವವರು ಬೇಕು ಎಂದೆ.

"ನಮ್ ಭಾವ ಅವ್ರೆ, ಬರ್ಕೊಳ್ಳಿ. ಇವತ್ತಿನವರ್ಗೂ ಈ ಟೀನ ಚೆನ್ನಾಗೈತೆ ಅಂದಿಲ್ಲ."

೪. ಒಂದು ಸಹಿ

ಐದು ತಿಂಗಳಿಗೆ ಉತ್ತರ ಬಂತು. ಒಬ್ಬರಿಗೆ ಇಷ್ಟವಾಗಿತ್ತು. ಇನ್ನೊಬ್ಬರು ಕೇಳಿದ್ದರು: ನಲವತ್ತು ಗಿಡ ಕೀಳಲು ಕಾರಣವೇನು? ಮಾಲೀಕರ ಒಪ್ಪಿಗೆ ಇತ್ತೇ? ನಡೆದದ್ದನ್ನು ಬರೆದು, ಮಾಲೀಕರ ಸಹಿಯೊಂದಿಗೆ ಕಳಿಸಿದರೆ ಲೇಖನ ಒಪ್ಪಬಹುದು.

ಸಹಿ ಸಿಗದಿದ್ದರೆ ಲೇಖನವಿಲ್ಲ, ಥೀಸಿಸ್ಸೂ ಇಲ್ಲ. ಹೆದರಿಕೊಂಡೇ ಎಸ್ಟೇಟಿಗೆ ಹೋದೆ. ಯಜಮಾನರು ಸ್ಟೋರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲೇ ರೈಟರು. ಪತ್ರಿಕೆಯಿಂದ ಬಂದ ಪತ್ರ, ನಡೆದದ್ದನ್ನು ಬರೆದ ಹಾಳೆ ಎರಡನ್ನೂ ಮುಂದಿಟ್ಟು ಎಲ್ಲ ಹೇಳಿ ತಪ್ಪೊಪ್ಪಿಕೊಂಡೆ. ರೈಟರು ನೆಲ ನೋಡುತ್ತಾ ನಿಂತರು.

ಯಜಮಾನರು ಪತ್ರವನ್ನು ಎರಡು ಸಲ ಓದಿಸಿಕೊಂಡರು. ಇದನ್ನು ಕೇಳಿದವರು ಯಾವಾಗ ಬಂದು ತೋಟ ನೋಡಿದರು ಎಂದರು. ಬಂದೇ ಇಲ್ಲ, ಎಲ್ಲೋ ದೂರದಲ್ಲಿ ಕೂತು ಓದಿದ್ದಾರೆ ಎಂದೆ. ಅವರು ಹಾಳೆಗೆ ಸಹಿ ಹಾಕಿದರು.

ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ರೈಟರ ಕಡೆ ತಿರುಗಿ ನೋಡಿದರು, ಆಮೇಲೆ ನನ್ನ ಕಡೆ.

"ತೋಟಕ್ಕೆ ಕಾಲೇ ಇಡ್ದೆ ನಲ್ವತ್ತು ಗಿಡ ಹೋಗಿರೋದು ಕಂಡ್‌ಹಿಡ್ದವ್ರೆ. ದಿನಾ ಇಲ್ಲೇ ಇರೋರು ನಂಗೆ ಹೇಳ್ಲಿಲ್ಲ. ಮೇಡಂ, ಅವ್ರು ರೈಟರ್ ಕೆಲ್ಸಕ್ಕೆ ಬರ್ತಾರಾ ಕೇಳಿ. ಇರಕ್ಕೆ ಮನೆ ಐತೆ."