ಕೋಳಿಗೆ ನೋಟೀಸು ಕೊಟ್ಟ ಮಾವ

ದಿಲ್ಲಿಯ ದೊಡ್ಡ ಕೋರ್ಟು ನಮ್ಮ ಸೋದರಮಾವನನ್ನು ಒಂದು ಮಾತು ಕೇಳದೆ ಯಾವ ತೀರ್ಪನ್ನೂ ಕೊಡುವುದಿಲ್ಲ ಎಂದು ನಾನು ಬಹಳ ದಿನ ತಿಳಿದಿದ್ದೆ. ತಪ್ಪು ನನ್ನದಲ್ಲ, ಮಾವನೇ ಹಾಗೆ ತಿಳಿದಿದ್ದ! ಪೇಪರು ವಿಜಾಪುರದಿಂದ ಸಿಂದಗಿಗೆ ಬಂದು, ಅಲ್ಲಿಂದ ಯಾರದೋ ಚೀಲದಲ್ಲಿ ನಮ್ಮ ಕನ್ನೊಳ್ಳಿ ಮುಟ್ಟುವ ಹೊತ್ತಿಗೆ ಸುದ್ದಿ ಹಳಸಿರುತ್ತಿತ್ತು. ಮಾವನಿಗೆ ಅದರ ಚಿಂತೆಯಿಲ್ಲ. ಕಿರಾಣಿ ಅಂಗಡಿ ಚಾಚಾನ ಕಟ್ಟೆಯ ಮೇಲೆ ಕುಳಿತು, ಚುನಾವಣೆ, ಯುದ್ಧ, ಮಳೆ ಎಲ್ಲವನ್ನೂ ದಾಟಿ, ಒಳಪುಟದ ಮೂಲೆಯ ಕೋರ್ಟಿನ ಸುದ್ದಿಗೆ ಬೆರಳಿಟ್ಟು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುವನು. ಕೊನೆಗೆ ತಲೆದೂಗಿ, "ಬರೋಬ್ಬರಿ ಐತಿ" ಎನ್ನುವನು. ಅಲ್ಲಿಗೆ ಆ ತೀರ್ಪು ಕಾಯಂ ಆದ ಹಾಗೆ!

ಇಷ್ಟಾಗಿ ಅವನು ಕಲಿತದ್ದು ನಾಲ್ಕನೇ ಇಯತ್ತೆ. ಅವನದೆಂದು ಒಂದೇ ಒಂದು ಖಟ್ಲೆ ಇರಲಿಲ್ಲ. ಆದರೂ ಬೇರೆಯವರು ನಾಟಕಕ್ಕೆ, ಕುಸ್ತಿಗೆ ಹೋದಂತೆ ಮಾವ ಕೋರ್ಟಿಗೆ ಹೋಗುತ್ತಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಊರಿನ ಕೋರ್ಟಿನ ಹಿಂದಿನ ಬೆಂಚೂ ಅವನಿಗೆ ಗೊತ್ತು. ಒಮ್ಮೆ ಮುದ್ದೇಬಿಹಾಳದಲ್ಲಿ ಸಿಪಾಯಿ ತಡೆದು ಕೇಳಿದನಂತೆ:

"ಯಜಮಾನ್ರ, ನೀವು ವಾದಿ ಪೈಕೀನೋ, ಪ್ರತಿವಾದಿ ಪೈಕೀನೋ?"

"ಎರಡೂ ಅಲ್ಲೋ ತಮ್ಮಾ. ನಾ ನ್ಯಾಯದ ಪೈಕಿ."

"ಹಂಗಾರ ಹೊರಗ ಕುಂದ್ರರಿ. ಒಳಗ ಆ ಪೈಕಿ ಮಂದಿಗೆ ಜಾಗಾ ಇಲ್ಲ!"

ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ರೊಟ್ಟಿ ತಿಂದು ಬಂದ. ಬಂದವನು, "ಸಿಪಾಯಿ ಹೇಳಿದ್ದೂ ಬರೋಬ್ಬರಿ ಐತಿ" ಎಂದ.

ಇಂಥ ಮನುಷ್ಯ ಓದಿದ ತೀರ್ಪನ್ನು ಪೇಪರಿನಲ್ಲೇ ಬಿಟ್ಟು ಬರುತ್ತಾನೆಯೇ? ಒಂದು ದಿನ ಬಾಡಿಗೆದಾರರ ತೀರ್ಪು ಓದಿ ಮನೆಗೆ ಬಂದ. ಅದೇ ದಿನ ಚಾಚಾನ ಕೋಳಿ ಅತ್ತೆಯ ರೊಟ್ಟಿಬುಟ್ಟಿಯಲ್ಲಿ ಕಾವಿಗೆ ಕೂರಬೇಕೆ! ಅತ್ತೆ ಪೊರಕೆ ಎತ್ತಿದಳು. ಮಾವ ಅಡ್ಡ ನಿಂತ.

"ಹಾಂ ಹಾಂ! ಕುಂತವರನ್ನ ನೋಟೀಸ್ ಕೊಡದ ಎಬ್ಬಿಸಾಕ ಬರೂದಿಲ್ಲ."

"ಅದು ಕೋಳಿ ಐತ್ರಿ!"

"ಕುಂತೈತೋ ಇಲ್ಲೋ, ಅಷ್ಟ ಹೇಳು."

ಬುಟ್ಟಿಯ ಮೇಲಿನ ಗೋಡೆಗೆ ಚೀಟಿ ಅಂಟಿಸಿದ: "ಮೂವತ್ತು ದಿನಗಳ ಒಳಗಾಗಿ ಸದರಿ ಬುಟ್ಟಿಯನ್ನು ಖುಲ್ಲಾ ಮಾಡತಕ್ಕದ್ದು." ಕೋಳಿ ಇಪ್ಪತ್ತೊಂದನೆಯ ದಿನಕ್ಕೇ ಸಹಕುಟುಂಬ ಖುಲ್ಲಾ ಮಾಡಿತು. "ನೋಡಿದಿ? ಮಂದಿಗಿಂತ ಕೋಳಿಗೆ ಕಾಯ್ದೆ ಚಲೋ ತಿಳಿತೈತಿ" ಎಂದು ಮಾವ ಮೀಸೆ ತಿರುವಿದ.

ಇನ್ನೊಮ್ಮೆ ಎತ್ತಿನ ಗೆಜ್ಜೆ ಕದ್ದ ಅನುಮಾನದ ಮೇಲೆ ಒಬ್ಬನನ್ನು ಹಿಡಿದು ಕಂಬಕ್ಕೆ ಕಟ್ಟಿದ್ದರು. ಮಾವ ಹೋಗಿ, "ಕಂಡವರು ಯಾರು? ಯಾರೂ ಇಲ್ಲ? ಸಂಶಯದ ಲಾಭ ಆರೋಪಿಗೆ! ಬಿಡ್ರಿ ಅವನ್ನ" ಎಂದು ತಾನೇ ಹಗ್ಗ ಬಿಚ್ಚಿದ. ತಿರುಗಿ ನೋಡಿದರೆ, ಕಟ್ಟೆಯ ಕೆಳಗೆ ಬಿಟ್ಟಿದ್ದ ಅವನ ಹೊಸ ಕೆರಗಳಿಲ್ಲ! ಚಾಚಾ ಹೊಟ್ಟೆ ಹಿಡಿದುಕೊಂಡು ಕೇಳಿದ: "ಜಜ್ ಸಾಹೇಬ್ರ, ಈಗರೆ ಸಂಶಯ ಐತೇನ್ರಿ?"

"ಸಂಶಯ ಇಲ್ಲ. ಆದ್ರ ಸಾಕ್ಷಿ ಇಲ್ಲಲ್ಲೋ!" ಎಂದು ಮಾವ ಬರಿಗಾಲಲ್ಲಿ ಮನೆಗೆ ನಡೆದ.

ಗಂಡನ ಕಿರುಕುಳ ತಾಳದ ಹೆಂಡತಿ ಬೇರೆ ಇದ್ದು ಪೋಟಗಿ, ಅಂದರೆ ಹೊಟ್ಟೆಪಾಡಿನ ಹಣ, ಕೇಳಬಹುದು ಎಂಬ ತೀರ್ಪನ್ನು ಮಾತ್ರ ಅವನು ಮನೆಯಲ್ಲಿ ಓದಬಾರದಿತ್ತು. ಅತ್ತೆ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕುಳಿತೇಬಿಟ್ಟಳು. "ದಿನಾ ಪೇಪರ್ ಓದಿ ಓದಿ ಹೇಳೂದು ಕಿರುಕುಳ ಹೌದೋ ಅಲ್ಲೋ, ಈಗ ತೀರ್ಪು ಕೊಡ್ರಿ!" ಮಾವ ಮೂರು ಸಲ ಕೆಮ್ಮಿದ. "ತಾರೀಖು ಮುಂದ ಹಾಕೇನಿ" ಎಂದು ಹೊಲದ ದಾರಿ ಹಿಡಿದ.

ನಗು ಬಂತೇ? ಬರಲಿ. ಈ ಕಥೆಗಳನ್ನು ಹೇಳಿ ಮಂದಿಯನ್ನು ನಗಿಸುವುದರಲ್ಲಿ ನಾನು ಪಳಗಿದವನು. ಮೊದಲು ಹೇಳಿದ್ದು ಯಾವಾಗ, ಯಾಕೆ ಎಂಬುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಅವ್ವ ಮೊದಲೇ ಹೋಗಿದ್ದಳು, ಅಪ್ಪ ತೀರಿಕೊಂಡು ವರ್ಷವಾಗಿತ್ತು. ಎಂಟು ಎಕರೆ ಎರೆಹೊಲ. ಮಕ್ಕಳೆಂದರೆ ನಾನು ಮತ್ತು ಅಕ್ಕ. ಅಕ್ಕನನ್ನು ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿಗೆ ಕೊಟ್ಟಿತ್ತು. ಭಾವನಿಗೆ ಒಂದು ಗೇಣು ಭೂಮಿಯಿಲ್ಲ. ಗಂಡ ಹೆಂಡತಿ ಇಬ್ಬರೂ ಪರರ ಹೊಲಕ್ಕೆ ದುಡಿಯಲು ಹೋಗುತ್ತಿದ್ದರು. ನಮ್ಮ ಕಡೆ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆಯುತ್ತಾರೆ. ಉಂಡಿ ಕಟ್ಟುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಅರಿಷಿಣ ಕುಂಕುಮಕ್ಕೆಂದು ಒಂದು ಸೀರೆ ಕೊಡುತ್ತಾರೆ. ಅಪ್ಪ ಇಲ್ಲದ ಮನೆಯಾದರೆ ಅದರ ಜೊತೆಗೆ ಒಂದು ಕಾಗದವನ್ನೂ ಮುಂದೆ ಹಿಡಿಯುತ್ತಾರೆ. "ತವರಿನ ಆಸ್ತಿ ನನಗೆ ಬೇಡ" ಎಂದು ಊರ ಹೊಲಗಳ ಲೆಕ್ಕ ಇಡುವ ತಲಾಟಿಗೆ ಬರೆದ ಕಾಗದ. ಅಕ್ಕತಂಗಿಯರು ಹೆಬ್ಬಟ್ಟು ಒತ್ತಿ, ಜೋಕಾಲಿ ಆಡಿ, ಊರಿಗೆ ಹೋಗುತ್ತಾರೆ. ಎಂಥ ಸಂಪ್ರದಾಯ! ಅಣ್ಣತಮ್ಮಂದಿರ ಪ್ರೀತಿ ಒಂದು ಇಲಕಲ್ ಸೀರೆಯಷ್ಟು ಅಗಲ.

ಆ ವರ್ಷದ ಪಂಚಮಿಗೆ ಅಕ್ಕನನ್ನು ಕರೆಸಿದೆ. ನಾನು ಹೈಸ್ಕೂಲು ಓದಿದವನು, ಕಾಗದವನ್ನು ನಾನೇ ಬರೆದೆ. ಸಾಕ್ಷಿಗೆ ಮಾವನನ್ನೂ ಚಾಚಾನನ್ನೂ ಕರೆದೆ. ಸಹಿ ಹಾಕುವುದೆಂದರೆ ಮಾವನಿಗೆ ಹೋಳಿಗೆ ಉಂಡಷ್ಟು ಸಂತೋಷ. ಬೆರಳಿಟ್ಟು ಓದಿದ. ಲೇಖನಿ ಕೆಳಗಿಟ್ಟ.

"ಅಳಿಯಾ, ಇದನ್ನ ಆಕಿಗೆ ಓದಿ ಹೇಳಿಯೇನು?"

"ಆಕಿಗೆಲ್ಲಾ ಗೊತ್ತೈತಿ ಮಾವಾ. ನೀ ಸಹಿ ಹಾಕು."

"ಓದಾಕ ಬರದವರ ಹೆಬ್ಬಟ್ಟು ಓದಿ ಹೇಳದ ತಗೊಂಡ್ರ ನಡ್ಯೂದಿಲ್ಲಂತ ಹೈಕೋರ್ಟ್ ಹೇಳೇತಿ. ಮತ್ತ ಹೊಸಾ ಕಾಯ್ದೆದಾಗ ಹೆಣ್ಣಮಕ್ಕಳಿಗೂ ಅಪ್ಪನ ಆಸ್ತ್ಯಾಗ ಪಾಲು ಐತಿ. ತಂಗೀ, ಇಲ್ಲಿ ಕೇಳವಾ..."

ಅಕ್ಕ ಅವನತ್ತ ತಿರುಗಿದಳು. ಎಂಟರಲ್ಲಿ ಅರ್ಧ ಹೋಯಿತು. ನಾಲ್ಕು ಎಕರೆ! ಆಗ ನನ್ನ ಬಾಯಿಗೆ ಬಂದದ್ದು ಕೋಳಿ.

"ಏ, ಕೇಳ್ರಿ ಎಲ್ಲಾರೂ! ಕೋಳಿಗೆ ನೋಟೀಸ್ ಕೊಟ್ಟ ಜಜ್ ಸಾಹೇಬ್ರು ಮಾತಾಡಾಕತ್ತಾರ!"

ನೆರೆದವರು ಘೊಳ್ಳೆಂದರು. ನಾನು ಬಿಡಲಿಲ್ಲ. ಕೋಳಿ ಮುಗಿದ ಮೇಲೆ ಕೆರ, ಕೆರ ಮುಗಿದ ಮೇಲೆ ಅತ್ತೆಯ ಗಂಟು. ನಿಜ ಹೇಳುತ್ತೇನೆ: ಕೋಳಿಯನ್ನು ಏಳಿಸಬೇಡ ಎಂದು ಮಾವ ಬಾಯಲ್ಲಿ ಹೇಳಿದ್ದಷ್ಟೇ. ಗೋಡೆಗೆ ಅಂಟಿಸಿದ ಚೀಟಿ ಆ ದಿನ ನಾನು ಹುಟ್ಟಿಸಿದ ಸುಳ್ಳು. ಅದಕ್ಕೇ ಎಲ್ಲರೂ ಹೆಚ್ಚು ನಕ್ಕರು. ಅಕ್ಕನೂ ನಕ್ಕಳು. ನಗುತ್ತಲೇ, "ಎಲ್ಲಿ ಒತ್ತಲಿ ತಮ್ಮಾ?" ಎಂದಳು. ನಾನು ಬೆರಳಿಟ್ಟು ತೋರಿಸಿದೆ, ಒತ್ತಿದಳು.

ಚಾಚಾನ ಜೊತೆ ನೆರೆದವರಲ್ಲೊಬ್ಬ ಸಾಕ್ಷಿ ಹಾಕಿದ, ಮಾವ ಸಹಿ ಹಾಕಲಿಲ್ಲ. ಎದ್ದು ಬಂದು, ಧೋತರದ ಚುಂಗಿನಿಂದ ಅಕ್ಕನ ಹೆಬ್ಬೆರಳಿನ ಮಸಿ ಒರೆಸಿದ. ಪೂರಾ ಹೋಗಲಿಲ್ಲ.

ಆಮೇಲೆ ಅವನು ಚಾಚಾನ ಕಟ್ಟೆಯಲ್ಲಿ ಗಟ್ಟಿಯಾಗಿ ಓದುವುದನ್ನು ಬಿಟ್ಟ. ಇಂಡಿ, ಮುದ್ದೇಬಿಹಾಳಕ್ಕೂ ಹೋಗಲಿಲ್ಲ. ಬಾಗೇವಾಡಿ ಕೋರ್ಟಿಗೆ ಮಾತ್ರ ತಿಂಗಳಿಗೆ ಎರಡು ಸಲ ಹೊರಡುತ್ತಿದ್ದ, ಪೇಪರಿನ ಸುರುಳಿ ಬಗಲಲ್ಲಿ ಹಿಡಿದು. "ಸಾಹೇಬ್ರಿಗೆ ಅಲ್ಲಿ ಯಾವುದೋ ಕೋಳಿ ಸಿಕ್ಕೈತಿ" ಎಂದು ನಾನು ಇನ್ನಷ್ಟು ನಗಿಸಿದೆ.

ನಾಲ್ಕೈದು ವರ್ಷಕ್ಕೆ ಮಾವ ತೀರಿಕೊಂಡ. ನಮ್ಮ ರೂಢಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಸೂತಿಯಿಂದ ಅಕ್ಕ ಬಂದಳು. ಅಳಲಿಲ್ಲ. ಅವನ ಎದುರು ಕುಳಿತು ಚೀಲದಿಂದ ಪೇಪರು ತೆಗೆದು, "ಇದೊಂದು ಓದೂದು ಉಳದಿತ್ತು ಮಾವಾ" ಎಂದು ಒಳಪುಟದ ಮೂಲೆಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಒಂದೊಂದೇ ಅಕ್ಷರ. ಥೇಟು ಅವನ ಹಾಗೆ. ನಾನು ಅತ್ತೆಯ ಮುಖ ನೋಡಿದೆ.

"ಬಾಗೇವಾಡಿ ತಾರೀಖಂತ ಎಲ್ಲಿಗೆ ಹೋಗ್ತಿದ್ರು ಅಂತ ತಿಳದಿದ್ದಿ?" ಎಂದಳು ಅತ್ತೆ. "ಮಸೂತಿಗೆ. ಆಕಿಗೆ ಅಕ್ಷರ ತಿದ್ದಸಾಕ."

ಮುಂದಿನ ಪಂಚಮಿಗೆ ಅಕ್ಕನನ್ನು ಕರೆಯಲು ಮಸೂತಿಗೆ ನಾನೇ ಹೋದೆ. ನಾಲ್ಕು ಎಕರೆಯನ್ನು ಅವಳ ಹೆಸರಿಗೆ ಬರೆದ ಕಾಗದ ಕಿಸೆಯಲ್ಲಿತ್ತು. "ತಡಿ, ಓದ್ತೇನಿ" ಎಂದು ಅಕ್ಕ ಮೇಲಿನಿಂದ ಕೆಳಗಿನವರೆಗೆ ಓದಿದಳು. ಅಷ್ಟು ಹೊತ್ತು ನಾನು ಕಟಕಟೆಯಲ್ಲಿ ನಿಂತವನಂತೆ ನಿಂತಿದ್ದೆ.

"ಓದಾಕ ಬಂದ ಮ್ಯಾಲ ನನ್ನ ಮ್ಯಾಲ ಖಟ್ಲೆ ಯಾಕ ಹಾಕಲಿಲ್ಲ ಅಕ್ಕಾ?"

"ಹಾಕ್ತೇನಿ ಅಂದಿದ್ದೆ. ಮಾವ ಬ್ಯಾಡ ಅಂದ. 'ಸಾಕ್ಷಿ ಎಲ್ಲಾ ನಿನ್ನ ತಮ್ಮನ ವಿರುದ್ಧನ ಅದಾವ. ಆದ್ರೂ ಒಮ್ಮಿ ಅವಗ ಸಂಶಯದ ಲಾಭ ಕೊಟ್ಟು ನೋಡೂಣು' ಅಂದ."

ಸಹಿ ಹಾಕಲು ಲೇಖನಿ ತೆಗೆದೆ. ಹೈಸ್ಕೂಲು ಓದಿದ ಕಣ್ಣಿಗೆ ಒಂದು ಅಕ್ಷರವೂ ಕಾಣಲಿಲ್ಲ, ಎಲ್ಲಾ ಮಂಜು. ಅಕ್ಕನೇ ನನ್ನ ಕೈ ಹಿಡಿದು, ಕಾಗದದ ಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ ತಮ್ಮಾ."