ಲಂಡನ್ ಸಂಬಳದ ಒಂದು ದಿನ

ಹಾಸಿಗೆ ಮಧುಗಿರಿಯಲ್ಲಿದ್ದರೆ ಕಾಲನ್ನು ಲಂಡನ್ನಿಗೆ ಚಾಚಬೇಡ ಎಂದು ಗಾದೆಯೇ ಇದೆ. ಇಲ್ಲವೆನ್ನುವವರು ಈ ಕತೆ ಕೇಳಿದ ಮೇಲೆ ಸೇರಿಸಿಕೊಳ್ಳಲಿ. ನಡೆದದ್ದೇ ಕತೆ, ಸುಳ್ಳು ಇದ್ದರೂ ರುಚಿಗೆ ತಕ್ಕಷ್ಟು.

ಮಧುಗಿರಿಯ ಸಾಹುಕಾರ ಶಂಕರಲಿಂಗಪ್ಪನವರ ಹುಣಸೆ ಮಂಡಿಯಲ್ಲಿ ಸಂಜೀವಯ್ಯ ತಕ್ಕಡಿ ಹಿಡಿಯುವ ಆಳು. ತಿಂಗಳಿಗೆ ಆರು ರೂಪಾಯಿ, ಸಾಹುಕಾರರ ಮನೆಯ ಮುದ್ದೆ, ಮಲಗಲು ಮಂಡಿಯ ಜಗಲಿ. ದೊಡ್ಡೇರಿಯ ಓಬಳಮ್ಮನ ಮಗಳು ನರಸಮ್ಮನ ಮೇಲೆ ಅವನಿಗೆ ಮನಸ್ಸು. ಗಂಡಿನವರು ಹೆಣ್ಣಿನವರಿಗೆ ಕೊಡಬೇಕಾದ ತೆರ ಹನ್ನೆರಡು ರೂಪಾಯಿಯನ್ನೂ ಕೂಡಿಟ್ಟಿದ್ದ. ಆದರೆ ಓಬಳಮ್ಮ ಪಟ್ಟು ಹಿಡಿದಳು: “ಆರು ರೂಪಾಯ್ನಾಗೆ ನನ್ ಮಗ್ಳು ಹುಣಸೆಬೀಜ ತಿಂತಾಳೇನ್ಲಾ? ಸಂಬ್ಳ ಏರಿಸ್ಕಂಡು ಮಾತಾಡು. ಸಂತೆ ದಿನ ಬತ್ತೀನಿ.”

ಸಂತೆಯ ದಿನ ಬೆಳಗ್ಗೆ ಸಾಹುಕಾರರ ಸೋದರಳಿಯ ಚಂದ್ರಶೇಖರಯ್ಯ ಪತ್ರಿಕೆ ಬಿಡಿಸಿದ. ಮೈಸೂರಿನ ಕಾಲೇಜಿನಲ್ಲಿ ಓದುತ್ತಿದ್ದ ಅವನು ಬಿಳಿ ದೊರೆಗಳಂತೆ ಮೂಗಿನಲ್ಲೇ ಮಾತಾಡಬಲ್ಲವ. “ವೆಲ್, ಸಂಜೀವಯ್ಯಾ! ಲಂಡನ್ನಲ್ಲಿ ನಿನ್ನಂಥ ಆಳಿಗೆ ವಾರಕ್ಕೆ ನಲವತ್ತು ರೂಪಾಯಿ. ಅಲ್ಲೂ ಅದೇ ಎರಡು ಕೈ! ಹೋಗಿ ನಮ್ಮ ಮಾವನ್ನ ಅಷ್ಟೇ ಕೇಳು.”

ಸಂಜೀವಯ್ಯ ಕೇಳಿಯೇಬಿಟ್ಟ. ಸಾಹುಕಾರರು ಎಲೆಗೆ ಸುಣ್ಣ ಸವರುತ್ತ, “ಕೊಟ್ಟೆ ಕಣ್ಲಾ. ಲಂಡನ್ ಸಂಬ್ಳ ಇವತ್ನಿಂದ್ಲೇ. ಲಂಡನ್ ಖರ್ಚೂ ಇವತ್ನಿಂದ್ಲೇ” ಎಂದರು.

ಮುದ್ದೆಗೆ ಹೋಟೆಲಿನ ದರ ಬಿತ್ತು. ಜಗಲಿಗೆ ಬಾಡಿಗೆ ಬಂತು. “ಅಲ್ಲಿ ಕೋಟಿಲ್ದೋನ್ನ ಬಾಗಿಲೊಳಗೇ ಬಿಡಲ್ಲ” ಎಂದು ಚಂದ್ರಶೇಖರಯ್ಯ ತನ್ನ ಉಣ್ಣೆಯ ಕೋಟು ತೊಡಿಸಿದ, ಅದಕ್ಕೂ ಬಾಡಿಗೆ. “ಅಲ್ಲಿ ಭಾರೀ ಚಳಿ” ಎಂದು ಸಾಹುಕಾರರು ಅಗ್ಗಿಷ್ಟಿಕೆ ತರಿಸಿದರು. ಇದ್ದಿಲಿನ ದುಡ್ಡು ಬೇರೆ. ಹೊರಗೆ ಮಧುಗಿರಿಯ ಬಂಡೆ ರೊಟ್ಟಿಯ ಹೆಂಚಿನಂತೆ ಕಾದಿತ್ತು. ಒಳಗೆ ಸಂಜೀವಯ್ಯ ಸಾರಿನ ಗಡಿಗೆಯಂತೆ ಕುದಿಯುತ್ತ ಹುಣಸೆಹಣ್ಣು ತೂಗಿದ. ಸಂತೆಗೆ ಬಂದವರೆಲ್ಲ ಇಣುಕಿ ನೋಡಿ, ಸುದ್ದಿ ಹೊತ್ತುಕೊಂಡು ಹೋದರು. ಹೊತ್ತು ನೆತ್ತಿಗೇರುವಷ್ಟರಲ್ಲಿ ಅಂದಿನ ಕೂಲಿಯೆಲ್ಲ ಕರಗಿ, ಅವನೇ ಸಾಹುಕಾರರಿಗೆ ಸಾಲಗಾರನಾಗಿದ್ದ.

“ಬುಡಿ ಸಾಮಿ, ನನ್ ಆರು ರೂಪಾಯೇ ಸಾಕು!”

“ಲಂಡನ್ನಿಂದ ವಾಪಸ್ ಬರೋಕೆ ಹಡಗಿನ ಚಾರ್ಜು ಯಾರ್ಲಾ ಕೊಡ್ತಾರೆ?” ಎಂದು ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು. “ಹೋಗ್ಲಿ, ಎಲ್ಲಾ ಮನ್ನಾ.”

ಅವನು ಕೋಟು ಬಿಚ್ಚುವ ಮೊದಲೇ ಓಬಳಮ್ಮ ಬಂದಳು. ಮುಖ ಅರಳಿತ್ತು. “ಸಂತೆಲೆಲ್ಲಾ ನಿಂದೇ ಮಾತು ಕಣಪ್ಪ. ವಾರಕ್ಕೆ ನಲವತ್ತಂತೆ! ಹೆಣ್ಣು ಕೊಟ್ಟೆ, ತಗೋ. ಆರು ರೂಪಾಯಿ ಗಂಡಿಗೆ ಹನ್ನೆರಡು ತೆರ, ಅಂದ್ರೆ ಎಲ್ಡು ತಿಂಗ್ಳ ಸಂಬ್ಳ. ಅದೇ ಲೆಕ್ಕ, ಎಂಟು ವಾರಕ್ಕೆ ಮುನ್ನೂರಿಪ್ಪತ್ತು ಮಡಗು.”

“ಅಯ್ಯೋ ಅತ್ತೆ, ಅದು ತಮಾಸೆ! ನಂಗೆ ಆರೇ ರೂಪಾಯಿ.”

“ತೆರ ಉಳ್ಸಕ್ಕೆ ಸುಳ್ಳು ಬ್ಯಾರೆ! ಈ ಸುಡೋ ಬಿಸ್ಲಲ್ಲಿ ಕೋಟು ಹಾಕ್ಕಂಡು ಬೆಂಕಿ ಮುಂದೆ ಕುಂತೋನು ಸಾವ್ಕಾರ ಅಲ್ದೆ ಹುಚ್ಚನೇನ್ಲಾ? ನಲವತ್ತಾದ್ರೆ ತೆರ ಮಡಗು. ಆರಾದ್ರೆ ಹೆಣ್ಣಿಲ್ಲ. ಹುಚ್ಚನಾದ್ರೆ ಮೊದ್ಲೇ ಇಲ್ಲ.”

ಚಂದ್ರಶೇಖರಯ್ಯ ಗಾಬರಿಯಿಂದ ಮೂಗಿನ ಇಂಗ್ಲಿಷು ಮರೆತು, “ಅಮ್ಮಾ, ಆಣೆಗೂ ನಾನೇ ಮಾಡಿದ ಕುಚೇಷ್ಟೆ” ಎಂದ.

“ಸುಳ್ಳು ಸಾಕ್ಷಿ ಹೇಳಾದೂ ಕಾಲೇಜ್ನಾಗೆ ಕಲುಸ್ತಾರಾ?”

ಮಂಡಿಗೆ ಮಂಡಿಯೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಂಜೀವಯ್ಯ. ನಗು ನಿಲ್ಲಿಸಿದರೆ ಓಬಳಮ್ಮನಿಗೆ ಉತ್ತರ ಹೇಳಬೇಕಾಗಿತ್ತು.